ನೈಟಿಗೆ ಸೆರಗಿಲ್ಲ

ಕೊಟ್ಟಿಗೆಯ ಮುಂದೆ ಜಾರಿ ಬಿದ್ದು ನಮ್ಮತ್ತೆ ಬಲಗೈ ಮುರಿದುಕೊಂಡರು. ಆಸ್ಪತ್ರೆಯಲ್ಲಿ ಬೆರಳಿನವರೆಗೂ ಸಿಮೆಂಟ್ ಕಟ್ಟು ಹಾಕಿ ಕಳಿಸಿದರು. ಅವತ್ತಿನಿಂದ ಅವರಿಗೆ ನೈಟಿಯೇ ಗತಿಯಾಯಿತು.

ಕಿರುಗಾವಲಿನ ನಮ್ಮ ಬೀದಿಯಲ್ಲಿ ನೈಟಿ ಬರೀ ರಾತ್ರಿಯ ಬಟ್ಟೆಯಲ್ಲ. ಹೆಗಲ ಮೇಲೊಂದು ಟವೆಲ್ ಬಿದ್ದರೆ ಡೇರಿಗೆ ಹಾಲು ಹಾಕಲೂ ಆಯಿತು, ಅಂಗಡಿಗೆ ಹೋಗಲೂ ಆಯಿತು. ಅದನ್ನು ಮುಟ್ಟದವರು ನಮ್ಮತ್ತೆ ಒಬ್ಬರೇ. ಈಗ ಅವರೂ ಟವೆಲ್ ಹೊದ್ದು ಜಗಲಿಯಲ್ಲಿ ಕೂತರು. ಆದರೆ ದೇವರ ಕೋಣೆಯ ಹೊಸ್ತಿಲು ಮಾತ್ರ ದಾಟಲಿಲ್ಲ. ಒಳಗೆ ಹೋಗಿ ದೀಪ ಹಚ್ಚಬೇಕಾದರೆ ಸೀರೆ ಉಡಬೇಕಂತೆ. ಉಡಲು ಕೈಯಿಲ್ಲ.

ನಾನು ಹಚ್ಚುತ್ತೇನೆ ಎಂದೆ. ನಂಬಿಕೆ ಇಲ್ಲದೆ ಕಾಟಾಚಾರಕ್ಕೆ ಹಚ್ಚಬೇಡ ಎಂದರು. ಅದೂ ನಿಜವೇ, ಹಬ್ಬಕ್ಕೆ ಒಬ್ಬಟ್ಟು ತಟ್ಟುತ್ತೇನೆ, ಕೈ ಮುಗಿಯುವುದಿಲ್ಲ. ದೇವರು ಬಟ್ಟೆ ನೋಡುತ್ತಾನೆಯೇ ಎಂದು ವಾದಕ್ಕಿಳಿದೆ. ದೀಪವಿಲ್ಲದ ಮನೆಯಲ್ಲಿ ಅವರಿಗೆ ಮುದ್ದೆ ಗಂಟಲಲ್ಲಿ ಇಳಿಯದಾದಾಗ ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಸರಿ, ಬೆಳಿಗ್ಗೆ ನಾನೇ ಉಡಿಸುತ್ತೇನೆ ಎಂದೆ.

ಉಡಿಸುವುದು ನನ್ನ ಹೊಟ್ಟೆಪಾಡು. ಮಳವಳ್ಳಿಯ ಬಟ್ಟೆ ಅಂಗಡಿಯಲ್ಲಿ ದಿನವೂ ಬೊಂಬೆಗಳಿಗೆ ಸೀರೆ ಉಡಿಸುವವಳು ನಾನು. ರವಿಕೆಯ ತೋಳಿನ ಹೊಲಿಗೆ ಬಿಚ್ಚಿ ಕಟ್ಟಿನ ಮೇಲೆ ಏರಿಸಿದೆ, ನೆರಿಗೆ ಹಿಡಿದೆ, ಸೆರಗನ್ನು ಮಡಿಸಿ ಮಡಿಸಿ ಹೆಗಲಿಗೆ ಪಿನ್ನು ಹಾಕಿದೆ. ಅಂಗಡಿಗೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ನನ್ನ ಕೈಚಳಕಕ್ಕೆ ನಾನೇ ಬೀಗಿದೆ.

ಅತ್ತೆ ಎಡಗೈಯಲ್ಲೇ ದೀಪ ಹಚ್ಚಿದರು. ಆಮೇಲೆ ಹೆಗಲು ತಡಕಿ ಸೆರಗು ಎಳೆದರು. ಬರಲಿಲ್ಲ. ಪಿನ್ನು ತೆಗೆ ಎಂದರು. ತೆಗೆದರೆ ಜಾರುತ್ತದೆ, ಎಷ್ಟು ಚೆನ್ನಾಗಿ ಕೂತಿದೆ ನೋಡಿ ಎಂದೆ.

"ಬೊಂಬೆಗಾದ್ರೆ ಕೂತ್ಕಳ್ಳಿ ಬುಡು. ಸೆರಗೊಡ್ಡದೆ ನಾನೆಂಗೆ ಕೇಳ್ಲವ್ವ ದ್ಯಾವ್ರ? ನೈಟೀಲಾದ್ರೂ ಸೆರಗೆಲ್ಲಿದ್ದಾತು?"

ಅಲ್ಲಿಯವರೆಗೆ ನಾನು ಇದನ್ನು ಮಡಿಯ ಮಾತು, ಮಾನದ ಮಾತು ಎಂದುಕೊಂಡಿದ್ದೆ. ಅವರಿಗೆ ಬೇಕಿದ್ದದ್ದು ದೇವರ ಮುಂದೆ ಎರಡೂ ಕೈಯಲ್ಲಿ ಹಿಡಿದು ಒಡ್ಡಲು ಒಂದಿಷ್ಟು ಬಟ್ಟೆ. ಮದುವೆಯಾಗಿ ಬಂದಾಗಿನಿಂದ ಅವರು ಹಾಗೆ ಬೇಡುವುದನ್ನು ನೋಡುತ್ತಲೇ ಇದ್ದೆ, ತಲೆಗೆ ಹೋಗಿರಲಿಲ್ಲ.

ಪಿನ್ನು ತೆಗೆದೆ. ಸೆರಗು ಇಳಿಯಿತು. ಒಂದು ತುದಿ ಅವರ ಎಡಗೈಗೆ ಸಿಕ್ಕಿತು, ಇನ್ನೊಂದು ನೆಲಕ್ಕೆ ಬಿತ್ತು. ಕಟ್ಟು ಹಾಕಿದ ಕೈ ಅದನ್ನು ಹಿಡಿಯಲಾರದು. ಅತ್ತೆ ನನ್ನ ಕಡೆ ನೋಡಿದರು, ಕೇಳಲಿಲ್ಲ. ನಂಬದವಳನ್ನು ದೇವರ ಮುಂದೆ ಎಳೆಯುವುದು ಅವರ ಜಾಯಮಾನವಲ್ಲ. ನಾನೇ ಬಗ್ಗಿ ಎತ್ತಿಕೊಂಡೆ. ಹೆಗಲಲ್ಲಿ ಬ್ಯಾಗು ಇದ್ದಂತೆಯೇ ಅವರ ಪಕ್ಕ ನಿಂತು ಆ ತುದಿಯನ್ನು ಬಿಗಿಯಾಗಿ ಹಿಡಿದೆ. ನಾನು ತೊಟ್ಟಿದ್ದ ಚೂಡಿದಾರದ ಬಗ್ಗೆ ಅವರು ಚಕಾರ ಎತ್ತಲಿಲ್ಲ.

"ನನ್ ಕೈ ಬಿರ್ನೆ ಕೂಡ್ಸಪ್ಪ," ಎಂದು ಶುರು ಮಾಡಿದರು. "ನನ್ ದೆಸೆಯಿಂದ ಈ ಎಣ್ಣಿಗೆ ಬಸ್ಸು ತಪ್ಪದಂಗೆ ನೋಡ್ಕೊ."

ಅಷ್ಟಕ್ಕೇ ನಿಲ್ಲಿಸದೆ ಅವರು ಹೊಲ, ಹಸು, ಮೈಸೂರಿನಲ್ಲಿರುವ ಮಗಳು, ಎಲ್ಲರಿಗಾಗಿಯೂ ಬೇಡಿಕೊಂಡರು. ಮುಗಿಯುವವರೆಗೂ ನಾನು ಸೆರಗು ಬಿಡಲಿಲ್ಲ. ಬಸ್ಸು ತಪ್ಪಿತು.