ಅಕ್ಕಯಮ್ಮನ ಗೋಬರ್ ಗ್ಯಾಸು

ಡೆಂಕಣಿಕೋಟೆ ಕಡೆಯ ಕಾಡಂಚಿನ ಹಳ್ಳಿಯ ಅಕ್ಕಯಮ್ಮ ಯಾರ ಮಾತನ್ನೂ ಸುಲಭಕ್ಕೆ ನಂಬುವ ಹೆಂಗಸಲ್ಲ. ಅಂಥವಳು ಎಂಬತ್ನಾಲ್ಕನೇ ಇಸವಿಯಲ್ಲಿ, ಸಗಣಿಯಿಂದ ಗ್ಯಾಸು ಬರುತ್ತದೆ ಎಂದು ಸರ್ಕಾರದವನೊಬ್ಬ ಹೇಳಿದ್ದೇ ತಡ, ಹಿತ್ತಲನ್ನೇ ಅಗೆಸಿಬಿಟ್ಟಳು.

ಕಾರಣ ಸೊಸೆ ರಾಮಕ್ಕ. ಸೌದೆಗೆ ಹೋಗಿದ್ದ ಆ ಬಸುರಿಯನ್ನು ಒಂಟಿ ಸಲಗ ಅಟ್ಟಿಸಿಕೊಂಡು ಬಂದಿತ್ತು. ಹೊರೆ ಬಿಸಾಕಿ, ಮುಳ್ಳುಪೊದೆಯೊಳಗೆ ನುಗ್ಗಿ ಜೀವ ಉಳಿಸಿಕೊಂಡಿದ್ದಳು. ಮೈಯೆಲ್ಲ ತರಚಿಕೊಂಡು ಬಂದವಳನ್ನು ಕಂಡು ಅಕ್ಕಯಮ್ಮ ಇನ್ನು ಇವಳನ್ನು ಕಾಡಿಗೆ ಕಳಿಸಬಾರದು ಎಂದುಕೊಂಡಳು. ಆದರೆ ಒಲೆ ಕೇಳಬೇಕಲ್ಲ! ತಾನೇ ಹೋಗೋಣವೆಂದರೆ ಮಂಡಿ ಏಳಗೊಡದು. ಗಾಯ ಒಣಗುವ ಮೊದಲೇ ರಾಮಕ್ಕ ಮತ್ತೆ ಕಾಡಿಗೆ ಹೊರಟಳು.

ಬ್ಲಾಕ್ ಆಫೀಸಿನ ಚಿನ್ನಸ್ವಾಮಿ ಬಂದು ಬಿಡಿಸಿ ಹೇಳಿದ್ದ. ಸಗಣಿಯನ್ನು ನೀರಲ್ಲಿ ಕದಡಿ ಬಾವಿಯಂಥ ತೊಟ್ಟಿಗೆ ಬಿಡಬೇಕು. ಅದರ ಮೇಲೆ ಕಬ್ಬಿಣದ ದೊಡ್ಡ ಡ್ರಮ್ಮು ಕವುಚಿರುತ್ತದೆ. ಗಾಳಿಯಾಡದ ಕತ್ತಲಲ್ಲಿ ಸಗಣಿ ಕೊಳೆತು ಗ್ಯಾಸು ಹುಟ್ಟಿ, ಡ್ರಮ್ಮನ್ನು ಮೇಲೆತ್ತಿ, ಪೈಪಿನಲ್ಲಿ ಒಲೆಗೆ ಬರುತ್ತದೆ. ಉಳಿದ ಬಗ್ಗಡ ಹೊಲಕ್ಕೆ ಗೊಬ್ಬರ.

"ಅಷ್ಟು ತೂಕದ ಕಬ್ಬಿಣವ ಸಗಣಿ ಎತ್ತುತ್ತಾ ಸಾಮಿ?"

"ಎತ್ತುತ್ತಮ್ಮ, ನೋಡ್ತಿರಿ."

ಎತ್ತಲಿಲ್ಲ. ವಾರಗಳು ಉರುಳಿದವು, ರಾಮಕ್ಕನಿಗೆ ಏಳು ತಿಂಗಳು ತುಂಬಿತು, ಡ್ರಮ್ಮು ಜಪ್ಪಯ್ಯ ಅನ್ನಲಿಲ್ಲ. "ಏನಕ್ಕಾ, ಇನ್ನೂ ನಿದ್ದೆ ಮಾಡ್ತಾ ಐತಾ?" ಎಂದು ಪಕ್ಕದ ಮನೆಯ ಪಾಪಣ್ಣ ದಿನಾ ಕಿಚಾಯಿಸುತ್ತಿದ್ದ.

ಚಿನ್ನಸ್ವಾಮಿ ಮತ್ತೆ ಬಂದು ತೊಟ್ಟಿಯಲ್ಲಿ ಕೋಲು ಆಡಿಸಿದ. ತುದಿಗೆ ಬೂದುಬಣ್ಣದ ಕೆಸರು ಮೆತ್ತಿಕೊಂಡಿತು.

"ಬೂದಿ ಹಾಕ್ತಿದ್ದೀರಾ?"

"ಹಾಕ್ದೆ? ತಿಪ್ಪೆಗೆ ಒಲೆ ಬೂದಿ ಹಾಕ್ದೆ ಇರ್ತಾರಾ ಸಾಮಿ? ನಮ್ಮತ್ತೆ ಕಾಲ್ದಿಂದ್ಲೂ ಹಾಕ್ತೀವಿ!"

ಚಿನ್ನಸ್ವಾಮಿ ನಗಲಿಲ್ಲ. "ಇದು ತಿಪ್ಪೆ ಅಲ್ಲಮ್ಮ. ಒಳಗೆ ಕಣ್ಣಿಗೆ ಕಾಣದ ಜೀವಗಳು ಅವೆ. ಸಗಣಿ ತಿಂದು ಗ್ಯಾಸು ಬಿಡೋದು ಅವೇ. ಬೂದಿ ಅವಕ್ಕೆ ಆಗಿಬರಲ್ಲ."

ಕೆಸರನ್ನು ಬಹುಪಾಲು ತೋಡಿ ತೆಗೆಸಿದ. ಹೊಸ ಸಗಣಿ ತುಂಬಿಸಿ, ಬೇರೆ ಊರಿನ ತೊಟ್ಟಿಯಿಂದ ಬಗ್ಗಡ ತಂದು, ಹಾಲಿಗೆ ಹೆಪ್ಪು ಹಾಕಿದಂತೆ ಸುರಿದ.

ಒಂದು ಬೆಳಗ್ಗೆ ಸಗಣಿ ಕದಡುತ್ತಿದ್ದ ಅಕ್ಕಯಮ್ಮನ ಕೈ ನಿಂತುಹೋಯಿತು. ಡ್ರಮ್ಮು ಗೇಣುದ್ದ ಮೇಲೆದ್ದಿತ್ತು! ಕಿವಿಯಿಟ್ಟಳು, ಒಳಗೆ ಗುಳುಗುಳು ಸದ್ದು. ಹುಟ್ಟಿದಾರಭ್ಯ ಬಾಚಿದ, ಸಾರಿಸಿದ, ಬೆರಣಿ ತಟ್ಟಿದ ಸಗಣಿ ಅದು. ಅದರ ಹೊಟ್ಟೆಯಲ್ಲಿ ಇಷ್ಟೊಂದು ಬಲವಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕೈ ತಾನಾಗಿ ಮುಗಿಯಿತು.

ಗಾಳಿ ಬೆರೆತಿದ್ದ ಮೊದಲ ಗ್ಯಾಸನ್ನು ಹೊರಗೆ ಬಿಟ್ಟು, ಚಿನ್ನಸ್ವಾಮಿ ಒಲೆಗೆ ಕಡ್ಡಿ ಗೀರಿದ. ಹೊಗೆಯಿಲ್ಲ, ಮಸಿಯಿಲ್ಲ. ಉರಿಯೇ ಇಲ್ಲವೆಂದುಕೊಂಡು ಹತ್ತಿರ ಕೈ ಒಯ್ದ ಅಕ್ಕಯಮ್ಮ ಅಯ್ಯಪ್ಪಾ ಎಂದು ಹಿಂದೆಳೆದುಕೊಂಡಳು. ಬಗ್ಗಿ ನೋಡಿದರೆ, ತೆಳ್ಳನೆಯ ನೀಲಿ ಉರಿ.

ಮಾರನೆಯ ದಿನ ಬೀದಿಯಿಂದ ಬೈರಮ್ಮ ಕೂಗಿದಳು: "ರಾಮಕ್ಕಾ, ಸೌದೆಗೆ ಬತ್ತೀಯೇನೇ?"

ರಾಮಕ್ಕ ಅಭ್ಯಾಸಬಲದಿಂದ ಎದ್ದಳು. ಅಕ್ಕಯಮ್ಮ ಅವಳ ಭುಜ ಹಿಡಿದು ಕೂರಿಸಿ, ತಾನೇ ಹೊಸಿಲಿಗೆ ಬಂದಳು.

"ಇಲ್ಲ ಕಣೇ ಬೈರಮ್ಮ. ನನ್ ಸೊಸೆ ಇನ್ಮೇಲೆ ಕಾಡಿಗೆ ಬರಾಕಿಲ್ಲ!"

ಹೇಳುವಾಗ ದನಿಯಲ್ಲಿ ಜಂಬವಿತ್ತು. ಬೈರಮ್ಮ ಸರಿ ಎಂದು ತಿರುಗಿದಳು. ಅವಳ ಹಿಂದೆ ಅವಳ ಎಳೆಯ ಸೊಸೆ, ಕಾಡಿನತ್ತ. ಅಕ್ಕಯಮ್ಮನಿಗೆ ಸುಮ್ಮನಿರಲಾಗಲಿಲ್ಲ.

"ತಡಿಯೇ ಬೈರಮ್ಮ! ನಿಮ್ಮನೇಲೂ ದನ ಅವೆಯಲ್ಲಾ?"