ಕ್ಲಾಂಪುಗಳಿಗೆ ಕುಂಕುಮ

ಮರದ ತೆಳು ಹಾಳೆಗಳಿಗೆ ಅಂಟು ಬಳಿದು, ಒಂದರ ಮೇಲೊಂದು ಪೇರಿಸಿ, ಉಬ್ಬಿದ ಅಚ್ಚಿನ ಮೇಲೆ ಬಗ್ಗಿಸಿ ಕಬ್ಬಿಣದ ಕ್ಲಾಂಪುಗಳಿಂದ ಬಿಗಿಯಬೇಕು. ಅಂಟು ಪೂರ್ತಿ ಒಣಗುವವರೆಗೆ ಯಾರೂ ಬಿಚ್ಚಬಾರದು. ಇಷ್ಟೇ. ಇಷ್ಟು ನಮ್ಮ ಕೈಲಿ ಆಗಲಿಲ್ಲವಲ್ಲ ಅಂತ ನೆನೆದರೆ ಈಗಲೂ ಮೈ ಉರಿಯುತ್ತದೆ.

ಚಾಮರಾಜನಗರದ ಕಾಲೇಜಿನಲ್ಲಿ ನಾನೂ ಕುದೇರಿನ ಗೆಳತಿಯೂ ಸೇರಿ ಮರಗೆಲಸದ ಪರೀಕ್ಷೆಗಾಗಿ ಒಂದು ಬೆಂಚು ಮಾಡುತ್ತಿದ್ದೆವು. ಕಾಲಿಲ್ಲ, ಮೊಳೆಯಿಲ್ಲ, ಕವುಚಿದ ತೊಟ್ಟಿಲಿನಂತೆ ಬಗ್ಗಿದ ಮರವಷ್ಟೇ. ಮೊದಲನೆಯದು ಸೀಳಿತು. ಎರಡನೆಯದು ಅಚ್ಚಿನಿಂದ ತೆಗೆದ ಕೂಡಲೇ ಸೆಟೆದುಕೊಂಡಿತು. ಉಳಿದ ಹಾಳೆಗಳನ್ನೆಲ್ಲ ಬಳಸಿ ಮೂರನೆಯದನ್ನು ಬಿಗಿದೆವು. ಇದೂ ಕೈಕೊಟ್ಟರೆ ದಸರಾ ರಜೆ ಮುಗಿದ ಮೇಲೆ ತೋರಿಸಲು ಏನೂ ಇಲ್ಲ, ಇಬ್ಬರೂ ಫೇಲು.

ಮರುದಿನ ನಾನು ಗುಂಡ್ಲುಪೇಟೆಯ ಮನೆಯಿಂದ ಬಂದು ಬಸ್ಸಿಳಿಯುವಷ್ಟರಲ್ಲಿ ವರ್ಕ್‌ಶಾಪಿನ ಬಾಗಿಲಿಗೆ ಮಾವಿನ ತೋರಣ. ದಸರಾ ರಜೆಗೆ ಮೊದಲೇ ಆಯುಧಪೂಜೆ ಮುಗಿಸುವುದು ನಮ್ಮಲ್ಲಿ ರೂಢಿ. ಗರಗಸ, ಉಳಿ, ಡ್ರಿಲ್ಲು ಎಲ್ಲವೂ ಬಾಳೆ ಎಲೆಯ ಮೇಲೆ. ಅವುಗಳ ಪಕ್ಕದಲ್ಲಿ ನಮ್ಮ ಕ್ಲಾಂಪುಗಳು, ತೊಳೆದು ಒರೆಸಿ ಕುಂಕುಮ ಹಚ್ಚಿಸಿಕೊಂಡು!

"ನೀನೇ ಬಿಚ್ಚಿದ್ಯಾ?" ಅಂತ ಗೆಳತಿಯ ಮೇಲೆ ಹರಿಹಾಯ್ದೆ.

"ಇನ್ನೇನ್ಮಾಡ್ಲಮ್ಮಿ? ನಮ್ಗೋಸ್ಕರ ದುಡ್ದಿರೋ ಇವನ್ನೇ ಬುಟ್ಬುಡಕಾಯ್ತದಾ? ನಮ್ಮನೇಲಿ ಒಂದ್ ಕುಡ್ಲು ಮಚ್ಚೂ ಬುಡಕಿಲ್ಲ ಕಣಮ್ಮಿ."

"ವಾಪಸ್ ಹಾಕು."

"ಪೂಜೆಗಿಟ್ಟಿದ್ನ ನಾಳೆಗಂಟ ಮುಟ್ಟಂಗಿಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು. ಮಳೆಯ ತಂಪಿಗೆ ಅಂಟು ಇನ್ನೂ ಹಸಿ. ಬೆಂಚಿನ ತುದಿಗಳು ಆಗಲೇ ಮೇಲೇಳುತ್ತಿದ್ದವು. ಬೈಯುತ್ತಲೇ ಒಂದು ತುದಿಯಲ್ಲಿ ನಾನು ಕೂತೆ, ಇನ್ನೊಂದರ ಮೇಲೆ ಅವಳನ್ನು ಎಳೆದು ಕೂರಿಸಿದೆ. ಸಂಜೆಯವರೆಗೆ ನಮ್ಮ ಮೈಭಾರವೇ ಕ್ಲಾಂಪು ಅಂದುಕೊಂಡೆ. ನನ್ನ ಕಾಲು ಜೋಮು ಹಿಡಿಯಿತು. ಅವಳು ಕೂತಲ್ಲೇ ಆರಾಮವಾಗಿ ಹೂ ಕಟ್ಟುತ್ತಿದ್ದಳು. ಆದರೂ ಮರ ಮಾತು ಕೇಳುತ್ತಿತ್ತು, ತುದಿಗಳು ಅಚ್ಚಿಗೆ ಕಚ್ಚಿಕೊಂಡಿದ್ದವು.

ಅಷ್ಟರಲ್ಲಿ ಪೂಜೆಯ ಗಂಟೆ ಮೊಳಗಿತು.

"ಮಂಗ್ಳಾರ್ತಿ ಕಣಮ್ಮಿ, ಏಳು."

"ಸತ್ತರೂ ಏಳಲ್ಲ."

ಅವಳು ಎದ್ದೇಬಿಟ್ಟಳು. ನಾನು ಅವಳ ತುದಿಯನ್ನೂ ಎರಡು ಕೈಯಲ್ಲಿ ಅದುಮಿ, ಬೆಂಚಿನ ಮೇಲೆ ಅಡ್ಡ ಬಿದ್ದೆ. ಪೂಜೆಗೆ ಸೇರಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಆರತಿ ತಟ್ಟೆ ನನ್ನ ಮುಂದೆಯೇ ಬಂದು ನಿಂತಿತು. ಮಲಗಿಕೊಂಡು ಆರತಿ ತಗೊಳ್ಳುವುದನ್ನು ನಮ್ಮಮ್ಮ ಕಲಿಸಿರಲಿಲ್ಲ. ನನ್ನನ್ನು ಕೇಳದೆಯೇ ಕಾಲು ಎದ್ದು ನಿಂತಿತು.

ಬೆನ್ನ ಹಿಂದೆ ಹಾಳೆಗಳು ಚಟಚಟ ಬಿಟ್ಟುಕೊಂಡ ಸದ್ದಾಯಿತು. ಆರತಿಯ ಬಿಸಿಯನ್ನು ಕಣ್ಣಿಗೆ ಒತ್ತಿಕೊಂಡ ಕೈಗಳನ್ನು ನಾನು ಬಹಳ ಹೊತ್ತು ಕೆಳಗಿಳಿಸಲಿಲ್ಲ.