ಒಂದು ಕಂಪ್ಯೂಟರಿಗೆ ಎರಡು ಮದ್ದು

ಮಕ್ಕಳೇ, ನಡುಮನೆಯ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಒತ್ತುವುದನ್ನು ನಾನು ಕಲಿತದ್ದು ನಿಮ್ಮ ಹಿಂದೆ ನಿಂತು ನೋಡಿಯೇ. ಕಳವಾರ ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು ನಾನು. ನಿಮ್ಮ ತಾತ ತೀರಿಕೊಂಡ ಮೇಲೆ, ನಮ್ಮ ಕಾಲದ ಸಂಗತಿಗಳನ್ನು ನಿಮಗೆ ಹೇಳಬೇಕೆನ್ನಿಸಿತು. ಎದುರು ಕೂತು ಹೇಳಲು ನಾಚಿಕೆ. ನೀವು ಶಾಲೆಗೂ ನಿಮ್ಮಮ್ಮ ಹಿಪ್ಪುನೇರಳೆ ತೋಟಕ್ಕೂ ಹೋದಾಗ ಬರೆಯತೊಡಗಿದೆ. ಮೂವತ್ತೆಂಟು ಪುಟವಾದರೂ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ನಿಮ್ಮಲ್ಲೊಬ್ಬರು, ಯಾರೆಂದು ಹೇಳುವುದಿಲ್ಲ, ಜೆರಾಕ್ಸ್ ಅಂಗಡಿಯಿಂದ ಪೆನ್‌ಡ್ರೈವ್ ತಂದು ಸಿಕ್ಕಿಸಿದಿರಿ. ಅದರಲ್ಲಿದ್ದ ವೈರಸ್ಸಿನಿಂದ ಮರುದಿನ ಫೈಲುಗಳು ತೆರೆಯಲಿಲ್ಲ. ನಿಮ್ಮಮ್ಮ ಪುಕ್ಕಟೆ ಸಿಗುವ ಆ್ಯಂಟಿವೈರಸ್ ಹಾಕಿ ಸರಿಮಾಡಿದಳು. ನನ್ನ ಪುಟಗಳು ಉಳಿದವು. ಆದರೆ ಆ ಪುಕ್ಕಟೆಯದು ದಿನವೂ ಕೆಂಪು ಬಣ್ಣದಲ್ಲಿ, ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಹಣ ಕಟ್ಟಿ ಎಂದು ಹೆದರಿಸುತ್ತಿತ್ತು.

"ಅದು ವ್ಯಾಪಾರದ ಮಾತು ಅತ್ತೆ. ಫ್ರೀದೇ ಸಾಕು," ಎಂದಳು ನಿಮ್ಮಮ್ಮ.

ನನಗೆ ಸಮಾಧಾನವಾಗಲಿಲ್ಲ. ರೇಷ್ಮೆಹುಳುವಿಗೆ ಬರುವ ಹಾಲುತೊಂಡೆ ರೋಗವೂ ವೈರಸ್ಸಿನದೇ. ಒಂದು ಸಲ ಹೊಕ್ಕರೆ, ಗೂಡು ಕಟ್ಟಲೆಂದು ಬಿದಿರ ಚಂದ್ರಿಕೆಗೆ ಬಿಡುವ ಹೊತ್ತಿಗೆ ಹುಳುಗಳು ಊದಿ ಒಡೆದು ಹೋಗುತ್ತವೆ. ಒಂದು ಗೂಡೂ ಕೈಗೆ ಬರುವುದಿಲ್ಲ. ಅದನ್ನು ಕಣ್ಣಾರೆ ಕಂಡವಳು ನಾನು.

"ದುಡ್ಡಿಂದೂ ಒಂದು ಹಾಕಮ್ಮ, ನಾನು ಕೊಡ್ತೀನಿ," ಎಂದೆ.

"ಹೊಸದು ಹಾಕೋವಾಗ ಹಳೇದು ತೆಗಿ ಅಂತ ಕೇಳ್ತಾ ಇದೆ. ತೆಗೀಲಾ?"

"ಯಾಕೆ ತೆಗೀತೀಯ? ಹುಳುಮನೆಗೆ ಬ್ಲೀಚಿಂಗ್ ಪೌಡರ್ ಹಾಕಿದ ಮೇಲೆ ಸುಣ್ಣ ಬೇಡ ಅಂತೀವಾ? ಎರಡೂ ಇರ್ಲಿ."

"ನಿಮ್ಮಿಷ್ಟ. ಆಮೇಲೆ ನನ್ನ ಬೈಬೇಡಿ."

ಎರಡು ದಿನಕ್ಕೆ ಕಂಪ್ಯೂಟರ್ ಮರಗಟ್ಟಿಹೋಯಿತು. ಪರದೆಯಲ್ಲಿ ಒಂದು ಚಕ್ರ ಮಾತ್ರ ಸುತ್ತುತ್ತಿತ್ತು. ಕಂಪ್ಯೂಟರಿನ ಪೆಟ್ಟಿಗೆಯನ್ನು ಹಳೇ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ನಾನೂ ನಿಮ್ಮಮ್ಮನೂ ಶಿಡ್ಲಘಟ್ಟದ ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯವರ ತಂದೆ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಕೆಲಸದವರು. ನಮ್ಮ ಗೂಡು ಎಷ್ಟೋ ಸಲ ಅವರೇ ಕೊಂಡಿದ್ದರು. ಅಂಗಡಿಯವರು ಕಂಪ್ಯೂಟರ್ ತೆರೆದು ನೋಡಿ ನಕ್ಕರು.

"ಏನಮ್ಮಾ ಇದು, ಒಂದೇ ಬಾಗ್ಲಿಗೆ ಎರಡು ನಾಯಿ ಕಟ್ಟಿದ್ದೀರ! ಕಳ್ಳನ್ನ ಬಿಟ್ಟು ಅವೆರಡೇ ಕಚ್ಚಾಡ್ತಾ ಇವೆ."

ನಿಮ್ಮಮ್ಮ ನನ್ನ ಕಡೆ ನೋಡಿದಳು. ನಾನು ಸೆರಗು ಸರಿಮಾಡಿಕೊಂಡೆ.

"ಎಲ್ಲಾ ಅಳಿಸಿ ಹೊಸದಾಗಿ ಹಾಕಿದ್ರೆ ಬೇಗ ಆಗುತ್ತೆ. ಒಳಗಡೆ ಬೇಕಾಗಿರೋದು ಏನಾದ್ರೂ ಇದೆಯಾ?"

"ಏನಿಲ್ಲ, ಮಕ್ಕಳ ಆಟ ಅಷ್ಟೇ. ಅಳಿಸಿ," ಎಂದಳು ನಿಮ್ಮಮ್ಮ.

ಅಂಗಡಿಯವರ ಕೈ ಆಗಲೇ ಕೀಲಿಮಣೆಯ ಮೇಲಿತ್ತು.

"ಇದೆ," ಎಂದೆ. "ನಾನು ಬರೆದಿದ್ದು ಇದೆ."

"ನೀವಾ? ಏನ್ ಬರ್ದಿದೀರ ಅತ್ತೆ?"

"ಮಕ್ಕಳಿಗೆ. ಹಿಂದಿನದೆಲ್ಲ."

"ನನ್ನ ಬಗ್ಗೇನೂ ಇದೆಯಾ?"

"ನಿನ್ನ ಮದುವೆವರೆಗೂ ಇನ್ನೂ ಬಂದಿಲ್ಲ ಕಣೇ."

ಅಂಗಡಿಯವರು ಜೋರಾಗಿ ನಕ್ಕರು. ಮೊದಲು ನನ್ನ ಪುಟಗಳನ್ನು ಒಂದು ಪೆನ್‌ಡ್ರೈವಿಗೆ ತೆಗೆದರು, ಆಮೇಲೆ ಎಲ್ಲ ಅಳಿಸದೆ ಪುಕ್ಕಟೆಯದನ್ನು ಮಾತ್ರ ಕಿತ್ತುಹಾಕಿದರು. ಯಾವುದು ಒಳ್ಳೆಯದು ಎಂದು ಕೇಳಿದೆ.

"ಬ್ಯಾಂಕ್ ಕೆಲಸ ಇದ್ರಲ್ಲಿ ಮಾಡಲ್ಲ ಅಲ್ವಾ? ಹಾಗಾದ್ರೆ ಕಂಪ್ಯೂಟರ್ ಜೊತೇಲೇ ಬಂದಿರೋದೇ ಸಾಕಮ್ಮ, ಅದು ಫ್ರೀನೇ. ಕೊಂಡಿರೋದಕ್ಕೆ ದುಡ್ಡು ಕೊಟ್ಟಾಗಿದೆ, ಈ ವರ್ಷ ಅದೇ ಇರ್ಲಿ. ಆದ್ರೆ ಯಾವುದು ಹಾಕಿದ್ರೂ ಹೋಗಿರೋ ಫೈಲ್ ವಾಪಸ್ ತಂದುಕೊಡಲ್ಲ. ನಕಲು ಇಟ್ಕೊಳ್ಳಿ."

ಆ ವರ್ಷ ಮೊನ್ನೆ ಮುಗಿಯಿತು. ಮತ್ತೆ ಹಣ ಕಟ್ಟಲಿಲ್ಲ. ಈಗಿರುವುದು ಕಂಪ್ಯೂಟರಿನ ಜೊತೆಗೆ ಬಂದದ್ದೇ. ಅದು ಹೆದರಿಸುವುದೂ ಇಲ್ಲ. ಹೊರಗಿನ ಪೆನ್‌ಡ್ರೈವನ್ನು ಪರೀಕ್ಷೆ ಮಾಡದೆ ಸಿಕ್ಕಿಸಬೇಡಿ. ಹುಳುಮನೆಗೆ ಕಾಲು ತೊಳೆಯದೆ ಬಂದರೆ ನಾನು ಹೇಗೆ ಕೂಗಾಡುತ್ತೇನೆಂದು ನಿಮಗೆ ಗೊತ್ತು.

ನಕಲಿರುವ ಪೆನ್‌ಡ್ರೈವ್ ನನ್ನ ಟ್ರಂಕಿನಲ್ಲಿದೆ. ಶುಕ್ರವಾರ ಶುಕ್ರವಾರ ಹೊಸ ಪುಟಗಳನ್ನು ಅದಕ್ಕೆ ಸೇರಿಸುವವಳು ನಿಮ್ಮಮ್ಮ. ಸೇರಿಸುವಾಗ ಓದುತ್ತಾಳೆ. ನಾನು ಆ ಹೊತ್ತಿಗೆ ಹುಳುಗಳಿಗೆ ಸೊಪ್ಪು ಹಾಕಲು ಎದ್ದು ಹೋಗಿಬಿಡುತ್ತೇನೆ.